ಹುಳುವಿಗೆ ಕೇಳುತ್ತಿದ್ದ ಚೀಟಿ

ನಮ್ಮ ಹುಳುಮನೆಯ ಬಾಗಿಲ ಹಿಂದೆ ಒಂದು ಕಂಬಿ ತೂಗುಹಾಕಿದೆ. ಚಾಕಿ ಕೇಂದ್ರದಿಂದ ರೇಷ್ಮೆಯ ಮರಿಹುಳು ತಂದಾಗಲೆಲ್ಲ ಅವರು ಕೊಡುವ ಚೀಟಿಯನ್ನು ಅದಕ್ಕೆ ಚುಚ್ಚಿಡುವುದು ನನ್ನ ಕೆಲಸ. ಮೊಟ್ಟೆ ಎಲ್ಲಿಯದು, ಯಾವತ್ತು ಪರೀಕ್ಷೆಯಾಯಿತು, ಲಾಟ್ ನಂಬರ್ ಏನು, ಸೀಲು ಬಿದ್ದಿದೆಯೋ ಇಲ್ಲವೋ, ಇಷ್ಟನ್ನೂ ನೋಡದೆ ನಾನು ಹುಳುವಿನ ತಟ್ಟೆ ಮುಟ್ಟುವವಳಲ್ಲ. ತಾಯಿ ಚಿಟ್ಟೆಗೆ ರೋಗವಿದ್ದರೆ ಅದು ಮೊಟ್ಟೆಯಲ್ಲೇ ಬಂದುಬಿಡುತ್ತದೆ, ಆಮೇಲೆ ಎಷ್ಟು ಸೊಪ್ಪು ಹಾಕಿದರೂ ಬೆಳೆ ತಿಪ್ಪೆಗೇ ಹೋಗುವುದು. ಒಂದು ಸಲ ಸೀಲು ಸರಿಯಾಗಿ ಕಾಣಲಿಲ್ಲವೆಂದು ನಮ್ಮೆಜಮಾನರನ್ನು ಶಿಡ್ಲಘಟ್ಟದ ದಾರಿಯಲ್ಲಿ ಅರ್ಧದಿಂದ ವಾಪಸ್ಸು ಕಳಿಸಿದ್ದೆ. ಅವರು ಅದನ್ನು ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾರೆ.

ಇಂಥ ನಾನು ಮೂರು ವರ್ಷ ನನ್ನ ಮೈಯನ್ನು ಯಾವ ಚೀಟಿಯೂ ಇಲ್ಲದ ಒಬ್ಬರ ಕೈಗೆ ಕೊಟ್ಟಿದ್ದೆ. ಬರೆಯಲು ನಾಚಿಕೆಯಾಗುತ್ತದೆ. ನಾಚಿಕೆಪಟ್ಟು ಸುಮ್ಮನೆ ಕೂರುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ನಾನು ಭಾಗ್ಯ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ಊರು ನಮ್ಮದು. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ, ಉಳಿದ ಹೊತ್ತೆಲ್ಲ ಹುಳು. ಊರಿನವರು ಯಾವ ಕಾಗದ ಬಂದರೂ ನನ್ನ ಹತ್ತಿರ ಓದಿಸುತ್ತಾರೆ. ‘ಲೈಬ್ರರಿ ಅಕ್ಕ ಓದಿ ಆಯ್ತು ಅಂದ್ರೆ ಆಯ್ತು’ ಅನ್ನುತ್ತಾರೆ. ಈ ಮಾತು ನನ್ನ ತಲೆಗೆ ಎಷ್ಟು ಏರಿತ್ತು ಅನ್ನುವುದು ಆಮೇಲೆ ತಿಳಿಯಿತು.

ನೋವು ಶುರುವಾದದ್ದು ಬೆರಳಿನಲ್ಲಿ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಹಾಲಿನ ಪಾತ್ರೆ ಎತ್ತಲು ಎರಡೂ ಕೈ ಬೇಕಾಗುತ್ತಿತ್ತು. ಹೇಗೋ ಸುಧಾರಿಸಿದೆ. ಆದರೆ ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಬೆರಳು ಮಾತು ಕೇಳದಿದ್ದರೆ ನಡೆಯುವುದಿಲ್ಲ. ಹುಳು ಹಣ್ಣಾದ ಮೇಲೆ ಕಾಯುವುದಿಲ್ಲ, ಅದು ನೂಲು ಬಿಡಲು ಶುರುಮಾಡುವುದರೊಳಗೆ ಒಂದೊಂದನ್ನೂ ಜಜ್ಜದೆ ಎತ್ತಬೇಕು. ಆ ಸಲ ನಾನು ಎತ್ತಿದ್ದಕ್ಕಿಂತ ಕೆಳಗೆ ಬೀಳಿಸಿದ್ದೇ ಹೆಚ್ಚು. ತಟ್ಟೆ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ನಮ್ಮತ್ತೆ ಮುನಿಯಮ್ಮ ಆಗಲೇ ಹೇಳಿದ್ದು: “ಅಳೋದ್ಯಾಕೆ? ಮಂಜಣ್ಣ ಡಾಕ್ಟ್ರ ಹತ್ರ ಹೋಗಣ ನಡಿ. ನನ್ನ ಮಂಡಿ ನೋವು ಒಂದು ಸೂಜೀಲಿ ಓಡೋಯ್ತು.”

ಪಕ್ಕದೂರಿನ ರಸ್ತೆ ಪಕ್ಕ ಮಂಜಣ್ಣನವರ ಕ್ಲಿನಿಕ್ಕು. ತಿಳಿ ಬಣ್ಣದ ಅಂಗಿ, ಎಣ್ಣೆ ಹಾಕಿ ಬಾಚಿದ ಕ್ರಾಪು, ಮೆತ್ತಗಿನ ಮಾತು. ನಮ್ಮ ಮಾವ ಹಾಸಿಗೆ ಹಿಡಿದಾಗ ಹನ್ನೊಂದು ದಿನ ತಪ್ಪದೆ ಮನೆಗೆ ಬಂದು ಹೋದವರು ಅವರು. ಕೊನೆಯ ದಿನ ಮಾವನ ಕಾಲೊತ್ತುತ್ತ ಕೂತಿದ್ದರು. ಅತ್ತೆಗೆ ಅವರೆಂದರೆ ದೇವರ ಸಮಾನ. ನನಗೂ ಬೇರೆ ಭಾವನೆ ಇರಲಿಲ್ಲ.

ನನ್ನ ಬೆರಳು ಹಿಡಿದು ನೋಡಿದರು. “ವಾಯು ಅಮ್ಮ, ಬೇರೇನಿಲ್ಲ” ಎಂದು ಒಂದು ಇಂಜೆಕ್ಷನ್ ಕೊಟ್ಟರು. ಡಬ್ಬಿಯಿಂದ ಮಾತ್ರೆ ತೆಗೆದು ಕಾಗದದಲ್ಲಿ ಪೊಟ್ಟಣ ಕಟ್ಟಿದರು. ಎರಡು ಬಿಳಿ, ಒಂದು ಹಳದಿ. ಅವುಗಳ ಹೆಸರು ನಾನು ಕೇಳಲಿಲ್ಲ. ಎರಡನೇ ದಿನಕ್ಕೆ ಮುಷ್ಟಿ ಕಟ್ಟಿತು. ನಾಲ್ಕನೇ ದಿನಕ್ಕೆ ನಾನು ಒಬ್ಬಳೇ ಕೊಡ ಎತ್ತಿದೆ. ಆ ಖುಷಿಯಲ್ಲಿ ಹೆಸರು ಕಟ್ಟಿಕೊಂಡು ಏನಾಗಬೇಕಿತ್ತು?

ಕ್ಲಿನಿಕ್ಕಿನ ಗೋಡೆಯ ಮೇಲೆ ಚಿನ್ನದ ಬಣ್ಣದ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟಿತ್ತು. ಕೆಳಗೆ ಕೆಂಪು ಸೀಲು. ಕಾಯುವವರ ಬೆಂಚು ಸರಿಯಾಗಿ ಅದರ ಕೆಳಗೇ. ಹಾಗಾಗಿ ಮೂರು ವರ್ಷ ಅದು ನನ್ನ ತಲೆಯ ಹಿಂದೆಯೇ ಇತ್ತು. ಒಳಗೆ ಬರುವಾಗ ಕಟ್ಟು ಕಂಡರೆ ಸಾಕು, ಮನಸ್ಸಿಗೆ ಒಂದು ಧೈರ್ಯ. ಊರಿನ ಕಾಗದಗಳನ್ನೆಲ್ಲ ಓದುವ ಈ ಲೈಬ್ರರಿ ಅಕ್ಕ ಒಂದು ದಿನವೂ ಹಿಂದೆ ತಿರುಗಿ ಅದರಲ್ಲಿ ಏನು ಬರೆದಿದೆಯೆಂದು ನೋಡಲಿಲ್ಲ.

ವರ್ಷ ಕಳೆಯುವುದರಲ್ಲಿ ನನ್ನ ಮುಖ ದುಂಡಗಾಯಿತು. ಗೌರಿಬಿದನೂರಿನಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆ ಹೋದರೆ ಎಲ್ಲರೂ ಕೆನ್ನೆ ಹಿಡಿದು ನೋಡಿದರು. “ಏನಕ್ಕಾ, ಮೈ ಕೈ ತುಂಬ್ಕೊಂಡು ಎಷ್ಟು ಚೆನ್ನಾಗಾಗಿದ್ದೀಯ! ಭಾವ ಏನು ತಿನ್ಸ್ತಾರೆ?” ನಾನು ಉಬ್ಬಿಹೋದೆ. ಅಕ್ಷರಶಃ ಉಬ್ಬಿದ್ದೇನೆಂದು ಯಾರಿಗೆ ಗೊತ್ತು! ಕೈಗೆ ಬಾಗಿಲು ತಾಗಿದರೆ ಸಾಕು, ನೇರಳೆ ಹಣ್ಣಿನ ಬಣ್ಣದ ಕಲೆ ಏಳುತ್ತಿತ್ತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿ ಇರುತ್ತಿರಲಿಲ್ಲ. ಮಂಜಣ್ಣನವರಿಗೆ ಹೇಳಿದರೆ, “ವಯಸ್ಸು ಅಮ್ಮ” ಎಂದು ಒಂದು ಶಕ್ತಿ ಇಂಜೆಕ್ಷನ್ ಸೇರಿಸಿದರು. ನನಗೆ ಆಗ ನಲವತ್ತಾರು.

ಅವರು ಕಾಶಿಯಾತ್ರೆಗೆ ಹೋಗದಿದ್ದರೆ ಇದು ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಕ್ಲಿನಿಕ್ಕಿಗೆ ಹದಿನೈದು ದಿನ ಬೀಗ. ಅತ್ತೆ ಹುಷಾರಿ, ತಮ್ಮ ಮಂಡಿ ನೋವಿನ ಪೊಟ್ಟಣ ಮೊದಲೇ ಜಾಸ್ತಿ ತಂದಿಟ್ಟುಕೊಂಡಿದ್ದರು. ನನ್ನದು ಮೂರು ದಿನಕ್ಕೆ ಮುಗಿಯಿತು. ನೋವೇನಿಲ್ಲವಲ್ಲ, ನಾಲ್ಕು ದಿನ ಬಿಟ್ಟರೆ ಏನಾದೀತು ಎಂದು ಸುಮ್ಮನಾದೆ.

ಮಾತ್ರೆ ನಿಂತ ಐದನೇ ದಿನ ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ನಾಲ್ಕನೇ ಜ್ವರ ಎದ್ದ ಹುಳು ಅವು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಂಕಾಗಿ ಕೂರುವುದನ್ನು ನಾವು ಜ್ವರ ಅನ್ನುತ್ತೇವೆ, ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಅವು ಸೊಪ್ಪು ಕಡಿಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. ಆ ಸದ್ದು ದೂರ ದೂರ ಹೋಯಿತು. ವಾಂತಿಯಾಯಿತು, ಕಣ್ಣು ಕತ್ತಲಿಟ್ಟಿತು. ಸೊಪ್ಪಿನ ರಾಶಿಯ ಮೇಲೇ ಬಿದ್ದೆನಂತೆ. ಪಕ್ಕದ ಮನೆಯ ಆಟೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಹೊತ್ತುಕೊಂಡು ಹೋದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೈಗೆ ಡ್ರಿಪ್ಪು, ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಎದುರಿಗೆ ತಲೆ ತಗ್ಗಿಸಿ ನಿಂತ ನಮ್ಮೆಜಮಾನರು. ಅವರ ಹೆಸರು ನಾರಾಯಣಸ್ವಾಮಿ. ಮಾತು ಕಡಿಮೆ.

“ಏನು ಮಾತ್ರೆ ತಗೋತಿದ್ರು?” ಡಾಕ್ಟರಮ್ಮ ಅವರನ್ನು ಕೇಳಿದರು.

“ಎರಡು ಬಿಳಿ, ಒಂದು ಹಳದಿ.”

“ಹೆಸರು?”

“ಗೊತ್ತಿಲ್ಲ ಮೇಡಮ್.”

“ಕೊಟ್ಟೋರು ಯಾರು? ಅವರ ಚೀಟಿ ಏನಾದ್ರೂ ಐತಾ?”

ನಮ್ಮೆಜಮಾನರು ಜೇಬಿನಿಂದ ಖಾಲಿ ಪೊಟ್ಟಣದ ಕಾಗದ ತೆಗೆದು ಕೊಟ್ಟರು. ಅದು ಹಳೆ ಕ್ಯಾಲೆಂಡರಿನ ಹಾಳೆ. ಡಾಕ್ಟರಮ್ಮ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಬೈಯಲಿಲ್ಲ. ನನ್ನ ಮುಖ, ತೋಳಿನ ಕಲೆ ನೋಡಿದರು. ಒಂದೇ ಮಾತಿನಲ್ಲಿ ಹೇಳಿದರು. ಅದು ಸ್ಟೀರಾಯ್ಡು. ವರ್ಷಗಟ್ಟಲೆ ಹೊರಗಿನಿಂದ ಬಂದದ್ದರಿಂದ ನನ್ನ ಮೈ ಅದನ್ನು ತಾನೇ ಮಾಡಿಕೊಳ್ಳುವುದನ್ನು ನಿಲ್ಲಿಸಿಬಿಟ್ಟಿದೆ. ಒಂದೇ ಸಲ ಬಿಟ್ಟಿದ್ದಕ್ಕೆ ಹೀಗಾಯಿತು. ಇನ್ನೊಂದು ಅರ್ಧ ದಿನ ತಡವಾಗಿದ್ದರೆ ಬದುಕುತ್ತಿದ್ದೆನೋ ಇಲ್ಲವೋ.

ಭಯ ಎಂದರೆ ಏನೆಂದು ನನಗೆ ಆ ಹೊತ್ತು ತಿಳಿಯಿತು. ನೋವಿನ ಭಯವಲ್ಲ. ನನ್ನ ಮೈಯೊಳಗೆ ಮೂರು ವರ್ಷ ಏನು ನಡೆಯಿತೆಂದು ನನಗೇ ಗೊತ್ತಿಲ್ಲವಲ್ಲ ಅನ್ನುವ ಭಯ.

ಮಾರನೇ ದಿನ ಡಾಕ್ಟರಮ್ಮ ಮತ್ತೆ ಬಂದು ಮಂಚದ ತುದಿಯಲ್ಲಿ ಕೂತರು. ಊರು, ಕಸುಬು ವಿಚಾರಿಸಿದರು. ಹುಳು ಸಾಕುತ್ತೇವೆ ಅಂದೆ. “ನಮ್ಮ ತಂದೇನೂ ಹುಳು ಸಾಕ್ತಾರೆ, ಚಿಂತಾಮಣಿ ಹತ್ರ” ಎಂದು ನಕ್ಕರು. ಆಮೇಲೆ ಕೇಳಿದರು: “ಚಾಕಿ ತರೋವಾಗ ಚೀಟಿ ನೋಡ್ತೀರಲ್ವಾ?”

“ನೋಡ್ದೆ ತರಕ್ಕಾಗುತ್ತಾ ಮೇಡಮ್? ಸೀಲು ಸರಿಯಿಲ್ಲ ಅಂತ ವಾಪಸ್ ಕಳಿಸಿದ್ದೀನಿ ನಾನು.”

“ಮತ್ತೆ ನಿಮ್ಮ ಡಾಕ್ಟ್ರ ಚೀಟಿ?”

ನಾನು ಗೋಡೆ ಕಡೆ ತಿರುಗಿ ಮಲಗಿದೆ. ನಮ್ಮೆಜಮಾನರು ಕೆಮ್ಮಿದರು. ಸೀಲಿನ ಕಥೆ ಹೇಳಿ ನಗುವ ಮನುಷ್ಯ ಆವತ್ತು ನಗಲಿಲ್ಲ, ಅದೊಂದು ಉಪಕಾರ ಮಾಡಿದರು.

ಒಂಬತ್ತು ದಿನಕ್ಕೆ ಮನೆಗೆ ಕಳಿಸಿದರು. ಆ ಮಾತ್ರೆಯನ್ನೇ ಹೆಸರು ಬರೆದು, ಲೆಕ್ಕ ಹಾಕಿ, ತಿಂಗಳು ತಿಂಗಳಿಗೆ ಚೂರು ಚೂರು ಇಳಿಸುತ್ತ ಬರಬೇಕು. ಕೀಲಿನ ಕಾಯಿಲೆಗೆ ಬೇರೆಯೇ ಮಾತ್ರೆ, ವಾರಕ್ಕೊಂದೇ ದಿನ. ನನ್ನದು ವಾಯುವಲ್ಲ, ಅದಕ್ಕೊಂದು ದೊಡ್ಡ ಹೆಸರಿದೆ. ಹುಟ್ಟಿದ ಮಗುವಿಗೆ ಹೆಸರಿಟ್ಟ ಹಾಗೆ ಅದನ್ನು ಬಾಯಿಪಾಠ ಮಾಡಿಕೊಂಡೆ.

ಮೊದಮೊದಲು ಬಹಳ ಕಷ್ಟವಾಯಿತು. ಮಾತ್ರೆ ಇಳಿದ ಹಾಗೆ ಹಳೇ ನೋವೆಲ್ಲ ಎದ್ದು ಬಂತು. ತಿಂಗಳಿಗೊಮ್ಮೆ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಟೋಕನ್ ಹಿಡಿದು ಕೂರಬೇಕು. ಅಲ್ಲಿ ತೊಂಡೇಬಾವಿಯ ಒಬ್ಬ ಅಜ್ಜಿ ಸಿಕ್ಕುತ್ತಿದ್ದರು. ಅವರ ಮುಖವೂ ನನ್ನ ಹಾಗೇ ದುಂಡಗೆ. ಒಬ್ಬರನ್ನೊಬ್ಬರು ನೋಡಿದ ತಕ್ಷಣ ಅರ್ಥವಾಯಿತು. “ನಿಂಗೂ ಪೊಟ್ಟಣವಾ?” ಅಂದರು. “ಹೂಂ ಅಜ್ಜಿ” ಅಂದೆ. ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆವು. ಸೆರಗಿನಲ್ಲಿ ಕಟ್ಟಿ ತಂದ ಹುರಿಗಡಲೆ ಕೊಟ್ಟರು. ಆಮೇಲೆ ಪ್ರತಿ ಸಲ ನನಗೊಂದು ಜಾಗ ಹಿಡಿದಿರುತ್ತಿದ್ದರು. ಅಷ್ಟು ದಿನ ನಾನೊಬ್ಬಳೇ ದಡ್ಡಿ ಎಂದುಕೊಂಡಿದ್ದ ಸಂಕಟ ಅವತ್ತಿಗೆ ಅರ್ಧ ಇಳಿಯಿತು.

ಮೂರನೇ ತಿಂಗಳು, ಆಸ್ಪತ್ರೆಯಿಂದ ವರದಿ ಹೋಗಿ, ಆರೋಗ್ಯ ಇಲಾಖೆಯವರು ಮನೆಗೆ ಬಂದರು. ಮಂಜಣ್ಣನವರ ಕ್ಲಿನಿಕ್ಕಿಗೆ ನೋಂದಣಿ ಇಲ್ಲ, ಅವರ ಹೆಸರು ವೈದ್ಯರ ಪಟ್ಟಿಯಲ್ಲೇ ಇಲ್ಲ. ನಡೆದದ್ದನ್ನು ಬರೆದು ಸಹಿ ಹಾಕಿ ಕೊಡುತ್ತೀರಾ ಎಂದು ಕೇಳಿದರು. ಗೋಡೆಯಿಂದ ಇಳಿಸಿದ ಆ ಚಿನ್ನದ ಕಟ್ಟು ಅವರ ಜೀಪಿನಲ್ಲೇ ಇತ್ತು. ಕೊನೆಗೂ ಓದಿದೆ. ಹದಿನೈದು ದಿನದ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟು ಅದು. ಅಚ್ಚಗನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅತ್ತೆ ಒಳಗಿಂದ ಬಂದು ಬಾಗಿಲಿಗೆ ಅಡ್ಡ ನಿಂತರು. “ಅವನು ನಿಮ್ಮ ಮಾವನ ಕಾಲೊತ್ತಿದೋನು ಕಣೇ. ಅವನ ಅನ್ನಕ್ಕೆ ಮಣ್ಣು ಹಾಕ್ತೀಯಾ?”

ಮಾವನ ಕಾಲೊತ್ತಿದ್ದು ಸುಳ್ಳಲ್ಲ. ನಾನು ಸೊಪ್ಪಿನ ರಾಶಿ ಮೇಲೆ ಬಿದ್ದಿದ್ದೂ ಸುಳ್ಳಲ್ಲ. ಆದರೆ ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ನಮ್ಮೂರಿನಿಂದ ಎಂಟು ಮಂದಿ ಅದೇ ಪೊಟ್ಟಣ ತಿನ್ನುತ್ತಿದ್ದರು, ಒಬ್ಬರು ಬಿಟ್ಟು ಉಳಿದವರೆಲ್ಲ ‘ಲೈಬ್ರರಿ ಅಕ್ಕನೇ ಅಲ್ಲಿಗೆ ಹೋಗ್ತಾರೆ’ ಎಂದು ಹೋದವರು. ನಾಚಿಕೆಗೆ ನಾನು ಅವರಿಗೆ ನಡೆದದ್ದನ್ನು ಹೇಳಿರಲಿಲ್ಲ. ಅವರಿಗೆಲ್ಲ ನಾನೇ ಸೀಲು. ಎರಡೂ ಮಾತು ಬರೆದೆ. ನಮ್ಮ ಮಾವನನ್ನು ಅವರು ಪ್ರೀತಿಯಿಂದ ನೋಡಿಕೊಂಡರು ಎಂದೂ ಬರೆದೆ, ನನಗೆ ಹೆಸರಿಲ್ಲದ ಮಾತ್ರೆ ಮೂರು ವರ್ಷ ಕೊಟ್ಟರು ಎಂದೂ ಬರೆದೆ. ಸಹಿ ಹಾಕಿದೆ.

ಅವತ್ತೇ ಕ್ಲಿನಿಕ್ಕಿಗೆ ಬೀಗ ಬಿತ್ತು. ಪೊಟ್ಟಣ ನಿಂತರೆ ಆ ಎಂಟು ಜನವೂ ನನ್ನ ಹಾಗೇ ಬೀಳುತ್ತಾರೆ! ಲೈಬ್ರರಿಗೆ ಬೀಗ ಹಾಕಿ ಮನೆ ಮನೆಗೆ ಹೋದೆ. ಒಬ್ಬರು ಬೈದರು, ಒಬ್ಬರು ಬಾಗಿಲೇ ತೆಗೆಯಲಿಲ್ಲ. ನಾನು ಕಟ್ಟೆ ಮೇಲೆ ಕೂತು ಅಲ್ಲಿಂದಲೇ ಕೂಗಿ ಹೇಳಿದೆ. ಎರಡು ದಿನದಲ್ಲಿ ಏಳು ಜನ ಚಿಕ್ಕಬಳ್ಳಾಪುರದ ಗಾಡಿ ಹತ್ತಿದರು.

ಎಂಟನೆಯವರು ನಮ್ಮ ಮನೆಯಲ್ಲೇ ಇದ್ದರು.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ನಾನು ಬಡಿಸಿದ ಮುದ್ದೆ ಮುಟ್ಟುತ್ತಿರಲಿಲ್ಲ, ಮಗ ಬಡಿಸಬೇಕು. ಪೊಟ್ಟಣಗಳು ಅವರ ಟ್ರಂಕಿನಲ್ಲಿದ್ದವು. ಮಾತು ಬಿಟ್ಟ ಹದಿಮೂರನೇ ದಿನ ನಮ್ಮೆಜಮಾನರು ಕದ್ದು ಎಣಿಸಿ ಬಂದು ಹೇಳಿದರು, ಇನ್ನು ನಾಲ್ಕು ದಿನಕ್ಕಿದೆ. “ಆಸ್ಪತ್ರೆಗೆ ಹೋಗಣ ಬಾಮ್ಮ” ಅಂದರೆ, “ಮಂಜಣ್ಣನ್ನ ಬೀದಿಗೆ ಹಾಕಿದೋರ ಹತ್ರ ನಾನು ಬರಲ್ಲ. ಸತ್ರೆ ಸಾಯ್ತೀನಿ” ಅನ್ನುತ್ತಿದ್ದರು. ನನಗೆ ಎಪ್ಪತ್ತೆರಡು ವರ್ಷದ ಆ ಜೀವ ಸೊಪ್ಪಿನ ರಾಶಿ ಮೇಲೆ ಬಿದ್ದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ನಾನು ಎದ್ದೆ, ಅವರು ಏಳುತ್ತಾರಾ?

ನಾಲ್ಕು ದಿನದ್ದು ಮೂರಾಗಿ, ಎರಡಕ್ಕೆ ಬಂತು. ನಾನು ನಾಚಿಕೆ ಬಿಟ್ಟು ಮಂಜಣ್ಣನವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದರು. ಮಂಜಣ್ಣನವರು ಜಗಲಿಯಲ್ಲಿ ಕೂತಿದ್ದರು, ಶೇವು ಮಾಡಿರಲಿಲ್ಲ.

“ನಿಮ್ಮ ಮೇಲೆ ಬರೆದುಕೊಟ್ಟೋಳು ನಾನೇ” ಅಂದೆ.

“ಗೊತ್ತಮ್ಮ.”

“ನಮ್ಮತ್ತೆ ಬೇರೆಯೋರ ಮಾತು ಕೇಳಲ್ಲ. ನೀವೇ ಬಂದು ಹೇಳ್ಬೇಕು. ಇನ್ನ ಎರಡೇ ದಿನದ್ದು ಐತೆ.”

ಅವರು ಹೇಳಿದರು: “ನರ್ಸಿಂಗ್ ಹೋಮಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದೆ. ಡಾಕ್ಟ್ರು ಕೊಡೋದು ನೋಡಿ ನೋಡಿ ಕಲ್ತೆ. ನೋವು ಹೋಗುತ್ತೆ ಅನ್ನೋದು ಗೊತ್ತಿತ್ತು. ಆಮೇಲೆ ಹಿಂಗಾಗುತ್ತೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ ಅಮ್ಮ. ಇಪ್ಪತ್ತು ವರ್ಷ ಆಯ್ತು ಅಂಗಡಿ ಇಟ್ಟು. ನೀನೇನು ಓದಿದ್ದೀಯ ಅಂತ ಒಬ್ರೂ ಕೇಳಲಿಲ್ಲ.”

ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಅವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

ಅತ್ತೆ ಅವರನ್ನು ಕಂಡು ಎದ್ದು ನಿಂತರು. “ರಾಪ್ಪಾ, ಕೂತ್ಕೋ” ಎಂದು ತೆಲುಗು ಬೆರೆಸಿ ಕರೆದರು. ಸಂತೋಷ ಬಂದರೂ ಸಂಕಟ ಬಂದರೂ ಅವರಿಗೆ ತವರಿನ ತೆಲುಗೇ ಬಾಯಿಗೆ ಬರುವುದು. ಮಂಜಣ್ಣ ಕೂರಲಿಲ್ಲ.

“ಅಮ್ಮ, ನಾನು ಡಾಕ್ಟ್ರಲ್ಲ” ಅಂದರು. “ಓದಿಲ್ಲ. ನಂಗೆ ನೋಂದಣಿ ನಂಬರ್ ಇಲ್ಲ. ನಾನು ಕೊಟ್ಟ ಮಾತ್ರೆ ನಿಂತ್ರೆ ನಿಮ್ಮ ಜೀವಕ್ಕೆ ತೊಂದ್ರೆ ಐತಂತೆ. ನಿಮ್ಮ ಸೊಸೆ ಜೊತೆ ಹೋಗಿ ತೋರಿಸ್ಕೊಳ್ಳಿ. ನಾನು ಹೇಳ್ತಿದ್ದೀನಿ.”

ಅತ್ತೆ ಅವರನ್ನೇ ನೋಡುತ್ತ ಕೆಳಗೆ ಕೂತರು. “ಮತ್ತೆ ನಮ್ಮೆಜಮಾನ್ರಿಗೆ ಕೊಟ್ಟಿದ್ದು?”

“ಅವ್ರಿಗೆ ದೊಡ್ಡಾಸ್ಪತ್ರೆಯೋರು ಬರೆದುಕೊಟ್ಟಿದ್ದನ್ನೇ ಕೊಟ್ಟೆ ಅಮ್ಮ. ಅದರಲ್ಲಿ ಸುಳ್ಳಿಲ್ಲ.” ಇಷ್ಟು ಹೇಳಿ ನೀರು ಸಹ ಕುಡಿಯದೆ ಹೋದರು. ಕೇಸು ಇನ್ನೂ ನಡೆಯುತ್ತಿದೆ. ಈಗ ಪೆರೇಸಂದ್ರದ ಕಡೆ ಬಾಮೈದನ ಜೊತೆ ಟೊಮ್ಯಾಟೊ ಸಸಿ ಮಾರುತ್ತಾರಂತೆ.

ಅವತ್ತು ರಾತ್ರಿ ಊಟಕ್ಕೆ ಅತ್ತೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಮಾತಿಲ್ಲ. ನಾನು ಮುದ್ದೆ ಹಾಕಿದೆ.

ಮಾರನೇ ದಿನ ಬೆಳಗ್ಗೆ ಗಾಡಿ ಹತ್ತಿದೆವು. ಹಜಾರದಲ್ಲಿ ತೊಂಡೇಬಾವಿಯ ಅಜ್ಜಿ ನಮಗಿಬ್ಬರಿಗೂ ಜಾಗ ಹಿಡಿದಿದ್ದರು. ಟೋಕನ್ ಕೂಗಿದಾಗ ಅತ್ತೆ ನನ್ನ ತೋಳು ಹಿಡಿದು ಒಳಗೆ ನಡೆದರು. ಡಾಕ್ಟರಮ್ಮ “ಬನ್ನಿ ಅಜ್ಜಿ, ಕೂತ್ಕೊಳ್ಳಿ” ಅಂದರು. ಅತ್ತೆ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು, ನಾಲ್ಕೂ ಗೋಡೆ ನೋಡಿದರು.

“ನಿನ್ನ ಚೀಟಿ ಎಲ್ಲೈತೆ ಕಣಮ್ಮ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಅತ್ತೆ, ಸುಮ್ನಿರಿ” ಅಂದೆ. ಡಾಕ್ಟರಮ್ಮ ಕೈ ತೋರಿಸಿ ನನ್ನನ್ನೇ ಸುಮ್ಮನಿರಿಸಿದರು. ಎದ್ದು, ಕುರ್ಚಿಯ ಹಿಂದೆ ಗೋಡೆಗೆ ಹಾಕಿದ್ದ ಸರ್ಟಿಫಿಕೇಟನ್ನು ಮೊಳೆಯಿಂದ ಬಿಡಿಸಿ ತಂದು ಅತ್ತೆಯ ಕೈಗೇ ಕೊಟ್ಟರು. “ಈ ಕೆಲಸಕ್ಕೆ ಸೇರಿದ ಮೇಲೆ ಇದನ್ನ ಕೇಳ್ದೋರು ನೀವೇ ಮೊದಲು ಅಜ್ಜಿ” ಅಂದರು.

ಅತ್ತೆಗೆ ಓದಲು ಬರುವುದಿಲ್ಲ. ಕಟ್ಟಿನ ಧೂಳನ್ನು ಸೆರಗಿನಿಂದ ಒರೆಸಿ, ಸೀಲಿನ ಮೇಲೆ ಬೆರಳಾಡಿಸಿ, ನನ್ನ ಕಡೆ ಹಿಡಿದರು. ಹದಿನಾರು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಓದು ಭಾಗ್ಯ. ನಂಬರ್ ಸಮೇತ ಓದು.”

ಗಟ್ಟಿಯಾಗಿ ಓದಿದೆ. ಹೆಸರು, ಓದು, ನೋಂದಣಿ ನಂಬರು, ಒಂದಕ್ಷರ ಬಿಡದೆ. ಪೂರ್ತಿ ಆಗುವವರೆಗೂ ಕಾದು, ಆಮೇಲೆ ಅತ್ತೆ ಕುರ್ಚಿಯಲ್ಲಿ ಕೂತು ತೋಳು ಮುಂದೆ ಚಾಚಿದರು.

ಈಗ ವರ್ಷದ ಮೇಲಾಯಿತು. ನನ್ನ ಮುಖ ಮೊದಲಿನ ಹಾಗೆ ಉದ್ದವಾಗಿದೆ, ನೆಂಟರು “ಯಾಕಕ್ಕಾ ಇಳಿದುಹೋಗಿದ್ದೀಯ?” ಅನ್ನುತ್ತಾರೆ. ಬೆರಳು ನೂರಕ್ಕೆ ನೂರು ಸರಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಹೋದ ಬೆಳೆಯಲ್ಲಿ ಹಣ್ಣು ಹುಳುವನ್ನು ನಾನೇ ಆರಿಸಿದೆ, ಬೀಳಿಸಿದ್ದು ನಾಲ್ಕೋ ಐದೋ. ಹುಳುಮನೆಯ ಕಂಬಿಯಲ್ಲಿ ಚಾಕಿ ಚೀಟಿಗಳ ಮೇಲೆ ಈಗ ನಮ್ಮಿಬ್ಬರ ಆಸ್ಪತ್ರೆ ಚೀಟಿಗಳೂ ಇವೆ. ಅತ್ತೆಯದನ್ನು ಅವರೇ ಚುಚ್ಚುತ್ತಾರೆ. ಚುಚ್ಚುವ ಮೊದಲು ಸೀಲು ಎಲ್ಲಿದೆ ಎಂದು ನನ್ನಿಂದ ತೋರಿಸಿಕೊಳ್ಳುತ್ತಾರೆ.